ಇಂಚರಳ ತಲೆಯ ಅಲೆಗಳು

"ಕಣ್ಣು ಮುಚ್ಚು ಮಗಾ. ಆದ್ರೆ ನಿದ್ದೆ ಮಾಡ್ಲಿಕ್ಕಿಲ್ಲ. ಏನೂ ಯೋಚನೆ ಮಾಡದೆ ಸುಮ್ಮನೆ ಇರು, ಆಯ್ತಾ?" ಎಂದರು ಲ್ಯಾಬಿನ ಪ್ರಫುಲ್ಲಾ ಆಂಟಿ.

ಇಂಚರಳಿಗೆ ನಗು ಬಂತು. ಐದನೇ ಕ್ಲಾಸಿನಲ್ಲಿ ಅವಳು ಮಾಡುತ್ತಿದ್ದದ್ದೂ ಅದನ್ನೇ. ಅದಕ್ಕೇ ಟೀಚರ್ ಅಮ್ಮನನ್ನು ಕರೆಸಿದ್ದರು. ಕರೆದರೂ ತಿರುಗುವುದಿಲ್ಲ, ಗೋಡೆ ನೋಡುತ್ತಾ ಕೂತುಬಿಡುತ್ತಾಳೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಿದ್ದರು. ಡಾಕ್ಟರು ಮೆದುಳಿನ ಟೆಸ್ಟ್ ಬರೆದುಕೊಟ್ಟಿದ್ದರು.

ಹಾಗಾಗಿ ಈಗ ಮುಂಬೈ ಪಕ್ಕದ ಡೊಂಬಿವಲಿಯ ಈ ಲ್ಯಾಬಿನಲ್ಲಿ, ತಲೆ ತುಂಬ ಅಂಟು ಮೆತ್ತಿಸಿಕೊಂಡು, ಬಣ್ಣಬಣ್ಣದ ವೈರುಗಳನ್ನು ಇಳಿಬಿಟ್ಟುಕೊಂಡು ಮಲಗಿದ್ದಳು. ಸುಮ್ಮನೆ ಕೂತದ್ದಕ್ಕೆ ದೂರು ಹೇಳಿಸಿಕೊಂಡವಳಿಗೆ ಸುಮ್ಮನಿರುವುದೇ ಪರೀಕ್ಷೆ.

ಅವಳಿಗೇನೋ ಅದು ಸುಲಭ. ಅಮ್ಮ ಬಿಡಬೇಕಲ್ಲ?

"ರಿಲ್ಯಾಕ್ಸ್ ಆಗು ಇಂಚು. ರಿಲ್ಯಾಕ್ಸ್ ಆದ್ಯಾ? ಕೈ ಯಾಕೆ ಬಿಗಿ ಹಿಡ್ದಿದೀಯ?"

ಪಕ್ಕದ ಕುರ್ಚಿಯಿಂದ ಅಮ್ಮ ಮಾತಾಡಿದಾಗಲೆಲ್ಲ ಇಂಚರ ಬೆಚ್ಚಿ ಕಣ್ಣು ಬಿಡುತ್ತಿದ್ದಳು. ಕಂಪ್ಯೂಟರಿನಲ್ಲಿ ಆಗಷ್ಟೇ ಸಾಲುಗಟ್ಟಿದ್ದ ಅಲೆಗಳು ಚದುರಿಹೋಗುತ್ತಿದ್ದವು.

ಕೊನೆಗೆ ಪ್ರಫುಲ್ಲಾ ಆಂಟಿ, "ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ ಮಾರಾಯ್ರೆ. ನಿಮಗೇ ರಿಲ್ಯಾಕ್ಸ್ ಇಲ್ಲ" ಎಂದರು.

ಬಾಗಿಲು ಮುಚ್ಚಿತು. ದೂರದಲ್ಲಿ ಒಂದು ಲೋಕಲ್ ರೈಲು ಹೋಯಿತು. ಯಾರೂ ಏನೂ ಕೇಳಲಿಲ್ಲ. ಇಂಚರ ಹಾಯಾಗಿ ಉಸಿರು ಬಿಟ್ಟಳು.

ಟೆಸ್ಟ್ ಮುಗಿದ ಮೇಲೆ ಆಂಟಿ ಪರದೆಯನ್ನು ಅವಳತ್ತ ತಿರುಗಿಸಿದರು. ಒಂದೇ ಸಮನೆ ಏಳುತ್ತಾ ಇಳಿಯುತ್ತಾ ಹೋದ ಪುಟ್ಟ ಅಲೆಗಳು.

"ಇದಕ್ಕೆ ಆಲ್ಫಾ ಅಂತ ಹೇಳ್ತಾರೆ. ಎಚ್ಚರ ಇದ್ದು ಮನಸ್ಸು ಆರಾಮ ಇದ್ದರೆ ಬರ್ತದೆ. ಚಂದ ಬಂದಿದೆ ನಿಂದು."

ಸಂಜೆ ಡಾಕ್ಟರೂ ರಿಪೋರ್ಟ್ ನೋಡಿ ಕಾಯಿಲೆ ಏನೂ ಇಲ್ಲ ಎಂದರು. ಕ್ಲಾಸಿನಲ್ಲಿ ಗೋಡೆ ಯಾಕೆ ನೋಡುತ್ತೀ ಎಂದು ಇಂಚರಳನ್ನೇ ಕೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ಅವಳ ಹತ್ತಿರ ಕೇಳಿರಲಿಲ್ಲ.

"ಲೆಕ್ಕದ ಸಮ್ಸ್ ನಂದು ಜಲ್ದಿ ಮುಗಿಯುತ್ತೆ. ಮಾತಾಡಿದ್ರೆ ಟೀಚರ್ ಬೈತಾರೆ. ಫಿರ್ ಕ್ಯಾ ಕರೂಂ, ಮತ್ತೇನು ಮಾಡ್ಲಿ?"

ಡಾಕ್ಟರು ಜೋರಾಗಿ ನಕ್ಕರು. ಅಮ್ಮ ನಗಲಿಲ್ಲ.

ರಿಕ್ಷಾ ಸ್ಟ್ಯಾಂಡಿನ ಉದ್ದನೆಯ ಕ್ಯೂನಲ್ಲಿ ನಿಂತು ಅಮ್ಮ ಅಪ್ಪನಿಗೆ ಫೋನ್ ಮಾಡಿದಳು. ಏನೂ ಇಲ್ಲ ಅಂತ ತನಗೆ ಮೊದಲೇ ಗೊತ್ತಿತ್ತು, ನೀವೇ ಸುಮ್ಮನೆ ಹೆದರಿದಿರಿ ಎಂದಳು. ಫೋನಿಟ್ಟು, ದುಪಟ್ಟಾದ ತುದಿಯಿಂದ ಇಂಚರಳ ಕೂದಲಲ್ಲಿ ಉಳಿದ ಅಂಟನ್ನು ಒರೆಸತೊಡಗಿದಳು.

ಅಂಟು ಹೋಯಿತು. ಆದರೂ ಅಮ್ಮ ಒರೆಸುತ್ತಲೇ ಇದ್ದಳು.

"ಪೂರ್ತಿ ಹೋಯ್ತಾ ನೋಡೇ?"

ಇಂಚರ ಕೂದಲು ಮುಟ್ಟಿ ನೋಡಿದಳು.

"ಇನ್ನೂ ಸ್ವಲ್ಪ ಇದೆ ಅಮ್ಮ" ಎಂದು ತಲೆ ಬಾಗಿಸಿ ನಿಂತಳು.