ಅವಳಿಲ್ಲದ ಭಾನುವಾರದ ಊಟ

"ಮೇಡಂ, ನೀವು ಕೈ ಸರಿ ಮಾಡ್ತಿದೀರೋ, ಕೀಳ್ತಿದೀರೋ?"

ರಾಜಾಜಿನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಭೈರೇಶ್ ರಕ್ಷಾಳಿಗೆ ಆಡಿದ ಮೊದಲ ಮಾತು ಇದು. ಅವನ ತಾಯಿ ಮುನಿತಾಯಮ್ಮನ ಭುಜ ಹಿಡಿದುಕೊಂಡಿತ್ತು. ರಕ್ಷಾ ಆ ಕೈಯನ್ನು ಮೆಲ್ಲಗೆ ಮೇಲೆತ್ತುತ್ತಿದ್ದಳು, ಮುನಿತಾಯಮ್ಮ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು.

"ನೀವು ಸ್ವಲ್ಪ ಆಚೆ ಕೂತಿರಿ ಸಾರ್. ಇಲ್ಲಾಂದ್ರೆ ನಿಮ್ಮ ಕೈನೂ ಹೀಗೇ ಎತ್ತಬೇಕಾಗುತ್ತೆ," ಎಂದಳು ರಕ್ಷಾ, ಅವನ ಕಡೆ ತಿರುಗಿಯೂ ನೋಡದೆ.

ಅಷ್ಟು ನೋವಿನಲ್ಲೂ ಮುನಿತಾಯಮ್ಮನಿಗೆ ನಗು ಬಂತು. ಮಗ ಮುಖ ಸಪ್ಪಗೆ ಮಾಡಿಕೊಂಡು ಆಚೆ ಹೋಗಿ ಕೂತ.

ಮಾಗಡಿ ರಸ್ತೆಯಲ್ಲಿ ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ. ಕೈ ನೋವಿಗೆ ಹದಿನೈದು ದಿನ ಬಂದರೆ ಸಾಕು ಎಂದು ರಕ್ಷಾ ಹೇಳಿದ್ದಳು. ಅವನು ಅಂಗಡಿ ಬಾಗಿಲು ಹಾಕಿ ಎರಡು ತಿಂಗಳು ತಾಯಿಯನ್ನು ಕರೆತಂದ. ಕೊನೆಗೆ ಮುನಿತಾಯಮ್ಮನೇ ರೇಗಿದರು. ನನ್ನ ಕೈ ಸರಿಹೋಗಿ ತಿಂಗಳಾಯಿತು, ಆ ಹುಡುಗಿಗೆ ಹೇಳುವುದೇನಿದೆಯೋ ಇವತ್ತೇ ಹೇಳಿ ಮುಗಿಸು ಎಂದು ಕ್ಲಿನಿಕ್ಕಿನ ಬಾಗಿಲಲ್ಲೇ ಬೈದುಬಿಟ್ಟರು. ಒಳಗಿದ್ದ ರಕ್ಷಾಳಿಗೆ ಎಲ್ಲವೂ ಕೇಳಿಸಿತು. ಪ್ರೀತಿ ಹೇಳಿಕೊಳ್ಳಲು ಅಮ್ಮನಿಂದ ಬೈಸಿಕೊಂಡ ಗಂಡಸು ಅವನೊಬ್ಬನೇ ಇರಬೇಕು.

ಆಮೇಲಿನದು ಅಷ್ಟು ಸುಲಭವಿರಲಿಲ್ಲ. ಬಸವೇಶ್ವರನಗರದ ರಕ್ಷಾಳ ಮನೆಯವರು ರಾಣೆಬೆನ್ನೂರು ಕಡೆಯ ಲಿಂಗಾಯತರು. ಅವರ ಮನೆಯ ಹೊಸ್ತಿಲನ್ನು ಒಂದು ಮೊಟ್ಟೆಯೂ ದಾಟಿದ್ದಿಲ್ಲ. ಅತ್ತಿಗುಪ್ಪೆಯ ಭೈರೇಶನ ಮನೆಯವರು ಅಲ್ಲಿನ ಹಳೇ ಒಕ್ಕಲಿಗರು. ಬಾಡೂಟವಿಲ್ಲದ ಭಾನುವಾರ ಅವರಿಗೆ ಭಾನುವಾರವೇ ಅಲ್ಲ.

ರಕ್ಷಾಳ ತಂದೆ ಪಂಚಾಕ್ಷರಿ ತಿಂಗಳುಗಟ್ಟಲೆ ಯೋಚಿಸಿ ಒಪ್ಪಿದರು. ರಕ್ಷಾ ಮಾತ್ರ ಭೈರೇಶನಿಗೆ ಮೊದಲೇ ಖಂಡಿತವಾಗಿ ಹೇಳಿದ್ದಳು. ನನಗೋಸ್ಕರ ನಿಮ್ಮ ಮನೆಯಲ್ಲಿ ಯಾರೂ ಏನನ್ನೂ ಬಿಡಬಾರದು, ಹಾಗೆ ಬಿಟ್ಟರೆ ಅಲ್ಲಿ ನನಗೆ ತುತ್ತು ಇಳಿಯುವುದಿಲ್ಲ ಎಂದು.

ಆದರೆ ಅವಳು ಸೇರಕ್ಕಿ ಒದ್ದು ಒಳಗೆ ಬರುವ ಹೊತ್ತಿಗೆ ಆ ಅಡುಗೆಮನೆಯಲ್ಲಿ ಬಾಡಿನ ಪಾತ್ರೆಗಳೇ ಇರಲಿಲ್ಲ. ಭುಜದ ನೋವು ವಾಸಿಯಾದರೆ ಬಾಡು ಬಿಡುತ್ತೇನೆಂದು ಅತ್ತೆ ಮನೆದೇವರಿಗೆ ಹರಕೆ ಹೊತ್ತಿದ್ದರಂತೆ, ಹಾಗೇ ಬಿಟ್ಟರಂತೆ. ಅವರು ಬಿಟ್ಟ ಮೇಲೆ ಉಳಿದವರೂ ಬಿಟ್ಟರಂತೆ. ಭೈರೇಶ್ ಹೇಳಿದ, ರಕ್ಷಾ ನಂಬಿದಳು. ಗಂಡನ ಮಾತನ್ನು ಅಲ್ಲಾಡಿಸಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಸಂಸಾರ ಚೆನ್ನಾಗಿಯೇ ನಡೆಯಿತು. ಸೋಮವಾರದಿಂದ ಶನಿವಾರದವರೆಗೆ.

ಭಾನುವಾರ ಬೆಳಿಗ್ಗೆ ಹನ್ನೊಂದಾಯಿತೆಂದರೆ ಅತ್ತೆ, ಮಾವ, ಗಂಡ ಮೂವರೂ ಅನ್ನಪೂರ್ಣೇಶ್ವರಿ ನಗರಕ್ಕೆ ಹೊರಡುತ್ತಿದ್ದರು. ಅಲ್ಲಿ ನಾದಿನಿ ಕೀರ್ತನಾಳ ಮನೆ. ವಾರವೆಲ್ಲ ದುಡಿದಿದ್ದೀಯ, ನೀನು ಮಲಗಿಕೋ ಎಂದು ಅತ್ತೆ ಅಕ್ಕರೆಯಿಂದಲೇ ಹೇಳುತ್ತಿದ್ದರು. ಸಂಜೆ ಬಂದವರು ಒಬ್ಬರ ಹಿಂದೊಬ್ಬರು ನೇರ ಬಚ್ಚಲಿಗೆ ಹೋಗುತ್ತಿದ್ದರು. ಸ್ನಾನ ಮುಗಿಯುವವರೆಗೂ ಅವಳ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

ಒಮ್ಮೆ ರಕ್ಷಾ, ನಾನೂ ಬರುತ್ತೇನೆ ಎಂದಳು. ಮೂವರ ಮುಖವೂ ಒಟ್ಟಿಗೆ ಬಾಡಿತು. ಕೀರ್ತನಾಳಿಗೆ ಹುಷಾರಿಲ್ಲ ಎಂದರು ಅತ್ತೆ. ಹುಷಾರಿಲ್ಲದವಳ ಮನೆಗೆ ಮೂವರು ಹೋಗಬಹುದು, ನಾಲ್ಕನೆಯವಳು ಹೋಗಬಾರದೇ? ರಕ್ಷಾ ಮತ್ತೆಂದೂ ಕೇಳಲಿಲ್ಲ.

ಕೇಳದ ಪ್ರಶ್ನೆ ಒಳಗೇ ಬೆಳೆಯಿತು. 'ಎಷ್ಟಾದರೂ ನಾನು ಬೇರೆ ಜನ. ವಾರಕ್ಕೊಮ್ಮೆ ಅವರವರೇ ಸೇರಿ ಹಗುರಾಗಲು ಹೋಗುತ್ತಾರೆ... ನಾನಿಲ್ಲದ ಕಡೆಗೆ.' ಹೀಗೆ ಎರಡು ವರ್ಷ ಕಳೆಯಿತು. ಪ್ರೀತಿಸಿ ಮದುವೆಯಾದವಳು ತವರಿನಲ್ಲಿ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಮಾವ ಕೃಷ್ಣಪ್ಪನವರಿಗೆ ಎಪ್ಪತ್ತು ತುಂಬಿದ ದಿನ ಭಾನುವಾರವೇ ಬಂತು. ರಕ್ಷಾ ಐದಕ್ಕೇ ಎದ್ದು ತನ್ನ ತವರಿನ ಶೇಂಗಾ ಹೋಳಿಗೆ ಮಾಡಿದಳು. ಇವತ್ತಾದರೂ ಎಲ್ಲರೂ ಮನೆಯಲ್ಲಿರುತ್ತಾರೆ ಎಂದುಕೊಂಡಿದ್ದಳು. ಹನ್ನೊಂದಕ್ಕೆ ಭೈರೇಶ್ ಅವಳ ಕಣ್ಣು ತಪ್ಪಿಸಿ, ಮಧ್ಯಾಹ್ನ ಕೀರ್ತನಾ ಮನೆಗೆ ಹೋಗಿ ಬರುತ್ತೇವೆ, ಸಂಜೆ ಇಲ್ಲೇ ಕೇಕ್ ತರೋಣ ಎಂದ.

ಅವರ ಕಾರು ತಿರುವು ದಾಟಿತು. ರಕ್ಷಾ ಹಾಸಿಗೆಯ ತುದಿಯಲ್ಲಿ ಕೂತು ಮನಸಾರೆ ಅತ್ತಳು. ಆಮೇಲೆ ಎದ್ದು ಮುಖ ತೊಳೆದು, ಒಂದು ಬ್ಯಾಗಿಗೆ ಬಟ್ಟೆ ತುಂಬಿದಳು. ಬಸವೇಶ್ವರನಗರಕ್ಕೆ ಹೋಗಿಬಿಡುವುದು ಎಂದು ನಿರ್ಧರಿಸಿದ್ದಳು. ವಾಪಸು ಬರುವ ಯೋಚನೆ ಇರಲಿಲ್ಲ. ಆದರೆ ಬೆಳಿಗ್ಗೆ ಮಾಡಿದ ಹೋಳಿಗೆ ಡಬ್ಬಿ ಎದುರಿಗಿತ್ತು. ಮಾವ ಏನು ತಪ್ಪು ಮಾಡಿದ್ದಾರೆ? ಅವರಿಗೆ ಕೊಟ್ಟು, ಎಲ್ಲರ ಮುಖ ನೋಡಿ ಒಂದು ಮಾತು ಕೇಳಿ, ಅಲ್ಲಿಂದಲೇ ಹೋಗೋಣ ಎಂದು ಆಟೋ ಹತ್ತಿದಳು.

ಬಾಗಿಲು ತೆಗೆದ ಕೀರ್ತನಾ, "ಅತ್ತಿಗೆ..." ಎಂದು ಅಲ್ಲೇ ನಿಂತುಬಿಟ್ಟಳು. ಮೇಲೆ ಟೆರೇಸಿನಿಂದ ಮಾವನ ನಗು ಕೇಳುತ್ತಿತ್ತು. ಎರಡು ವರ್ಷದಲ್ಲಿ ಮನೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ರಕ್ಷಾ ಕೇಳಿರಲಿಲ್ಲ. ಅವಳು ಮೆಟ್ಟಿಲು ಹತ್ತಿದಳು.

ಟೆರೇಸಿನ ನೆರಳಲ್ಲಿ ಸಾಲಾಗಿ ಬಾಳೆಲೆ ಹಾಕಿತ್ತು. ಎಲೆಯ ಮೇಲೆ ಮುದ್ದೆ, ನಾಟಿಕೋಳಿ ಸಾರು.

ಭೈರೇಶ್ ಎಂಜಲು ಕೈಯಲ್ಲೇ ದಡಕ್ಕನೆ ಎದ್ದ. ಕೃಷ್ಣಪ್ಪ ಬಾಯಿಗಿಟ್ಟ ಮುದ್ದೆಯನ್ನು ನುಂಗುವುದೋ ಬೇಡವೋ ತಿಳಿಯದೆ ಕಣ್ಣು ಬಿಟ್ಟರು. ಮುನಿತಾಯಮ್ಮ ಸೆರಗನ್ನು ಎಲೆಯ ಮೇಲೆ ಎಳೆದುಕೊಂಡರು. ಸೆರಗೆಲ್ಲ ಸಾರಾಯಿತು.

"ಅಲ್ಲೇ ನಿಲ್ಲು ಕಣವ್ವ, ಹತ್ರ ಬರಬೇಡ. ವಾಸನೆ ನಿಂಗಾಗಲ್ಲ," ಎಂದರು ಅವರು.

ವಾಸನೆ ರಕ್ಷಾಳಿಗೆ ನಿಜವಾಗಿಯೂ ಆಗಲಿಲ್ಲ. ಸೆರಗನ್ನು ಮೂಗಿಗೆ ಹಿಡಿದಳು. ಆದರೂ ಕದಲಲಿಲ್ಲ.

"ಹರಕೆ...?"

ಅತ್ತೆ ತಲೆ ತಗ್ಗಿಸಿ ಎಲ್ಲ ಹೇಳಿದರು. ಹರಕೆಯೂ ಇಲ್ಲ, ಏನೂ ಇಲ್ಲ. ಪಂಚಾಕ್ಷರಿಯವರು ಮದುವೆಗೆ ಮುಂಚೆ ಮುನಿತಾಯಮ್ಮನನ್ನು ಪಕ್ಕಕ್ಕೆ ಕರೆದು, ನನ್ನ ಮಗಳು ಎಲ್ಲ ಸಹಿಸಿಕೊಳ್ಳುತ್ತಾಳೆ, ಬಾಯಿ ಬಿಟ್ಟು ಹೇಳುವವಳಲ್ಲ ಎಂದಷ್ಟೇ ಹೇಳಿದ್ದರು. ಆ ಹುಡುಗಿ ಉಸಿರು ಬಿಗಿಹಿಡಿದುಕೊಂಡು ನಮ್ಮ ಮನೆಯಲ್ಲಿ ಓಡಾಡುವುದು ಬೇಡ ಎಂದು ಮುನಿತಾಯಮ್ಮ ಅಂದೇ ಮಾತು ಕೊಟ್ಟರು. ಬಾಡಿನ ಪಾತ್ರೆಗಳನ್ನೆಲ್ಲ ಕೀರ್ತನಾಳ ಮನೆಗೆ ಸಾಗಿಸಿದರು. ರಕ್ಷಾಳಿಗೆ ಗೊತ್ತಾದರೆ ತುತ್ತು ಇಳಿಯುವುದಿಲ್ಲವಲ್ಲ... ಅದಕ್ಕೇ ಹರಕೆಯ ಕಥೆ, ಅದಕ್ಕೇ ಭಾನುವಾರದ ಸ್ನಾನ.

ರಕ್ಷಾ ಗೋಡೆಗೆ ಒರಗಿದಳು. ಎರಡು ವರ್ಷ ಕಟ್ಟಿಟ್ಟುಕೊಂಡದ್ದು ಬಾಯಿಗೆ ಬಂತು.

"ನಾನು ನಿಮಗೆ ಬೇಡದವಳು ಅಂದ್ಕೊಂಡಿದ್ದೆ ಅತ್ತೆ. ಪ್ರತಿ ಭಾನುವಾರನೂ."

"ಬೇಡದವಳಾಗಿದ್ರೆ ನಿನ್ ಎದುರಿಗೇ ಕೂತು ತಿಂತಿದ್ವಿ ಕಣೇ," ಎಂದರು ಮುನಿತಾಯಮ್ಮ. "ಈ ವಯಸ್ಸಲ್ಲಿ ಕದ್ದು ತಿನ್ನೋ ಕರ್ಮ ಯಾಕೆ ಬೇಕಿತ್ತು ನಮಗೆ?"

ಅಳುತ್ತಿದ್ದ ರಕ್ಷಾಳಿಗೆ ನಗು ಬಂದುಬಿಟ್ಟಿತು. ಅವಳು ನಕ್ಕದ್ದು ನೋಡಿ ಕೃಷ್ಣಪ್ಪ ಬಾಯಲ್ಲಿದ್ದ ಮುದ್ದೆಯನ್ನು ಕೊನೆಗೂ ನುಂಗಿದರು. ಆಗಲೇ ಮುನಿತಾಯಮ್ಮನ ಕಣ್ಣು ಸೊಸೆಯ ಕೈಯಲ್ಲಿದ್ದ ಬ್ಯಾಗಿನ ಮೇಲೆ ಬಿತ್ತು. ಮಗನ ಕಡೆ ಒಮ್ಮೆ ನೋಡಿದರು, ಅಷ್ಟೇ. ಮಾವನಿಗೆಂದು ತಂದ ಹೋಳಿಗೆ ಡಬ್ಬಿಯನ್ನು ಅಲ್ಲೇ ಇಟ್ಟು ರಕ್ಷಾ ಕೆಳಗಿಳಿದಳು.

ಭೈರೇಶ್ ಕೈ ತೊಳೆದು, ಸೋಪು ಹಾಕಿ ಇನ್ನೊಮ್ಮೆ ತೊಳೆದು, ಅವಳ ಹಿಂದೆ ಮೆಟ್ಟಿಲಿಳಿದು ಬಂದ. ಅವಳು ನಡುವಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಅವಳನ್ನು ದಾಟಿ ಎರಡು ಮೆಟ್ಟಿಲು ಕೆಳಗೆ, ದೂರದಲ್ಲೇ ಕೂತ.

"ಬ್ಯಾಗು ಎಲ್ಲಿಗೆ?"

"ಅಪ್ಪನ ಮನೆಗೆ."

"ಎಷ್ಟು ದಿನಕ್ಕೆ?"

ರಕ್ಷಾ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಭೈರೇಶನಿಗೆ ಅರ್ಥವಾಯಿತು. ಅವಳು ಇಲ್ಲಿಗೆ ಬರದೆ ನೇರ ಹೋಗಿಬಿಟ್ಟಿದ್ದರೆ...

"ನಿಂಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳ್ದೆ ರಕ್ಷಾ," ಎಂದ. "ನೀನು ಒಬ್ಬಳೇ ಕೂತಿರ್ತೀಯ ಅಂತ ಯೋಚನೆನೇ ಮಾಡ್ಲಿಲ್ಲ. ಮಲಗಿರ್ತೀಯ ಅಂದ್ಕೊಂಡೆ. ತಪ್ಪು ನಂದು. ಇವತ್ತಿಂದ ನಾನು ಮುಟ್ಟಲ್ಲ, ನಿಜವಾಗ್ಲೂ ಬಿಡ್ತೀನಿ."

ಅವಳಿಗೆ ಸಿಟ್ಟು ಬಂತು. ಇಷ್ಟಾದ ಮೇಲೂ ಈ ಮನುಷ್ಯನಿಗೆ ವಿಷಯ ತಲೆಗೆ ಹೋಗಿಲ್ಲವಲ್ಲ.

"ನಾನು ಕೋಳಿ ಬಿಡಿ ಅಂದ್ನಾ? ನನ್ನ ಬಿಟ್ಟು ಹೋಗ್ಬೇಡಿ ಅಂತಿದೀನಿ ಅಷ್ಟೇ," ಎಂದಳು. "ಅತ್ತೆ ಮಾತು ಕೊಟ್ಟಿದ್ದು ಅಪ್ಪನಿಗೆ. ಅಪ್ಪನಿಗೆ ನಾನು ಹೇಳ್ತೀನಿ. ನಮ್ಮನೆಗೂ ಟೆರೇಸ್ ಇದೆ, ಅಲ್ಲೊಂದು ಒಲೆ ಹಾಕ್ಸಿ. ನನ್ನ ಅಡುಗೆ ಕೆಳಗಡೆ ಮಾಡ್ಕೊಂಡು ತಟ್ಟೆ ಹಿಡ್ಕೊಂಡು ಮೇಲಕ್ಕೆ ಬರ್ತೀನಿ. ಮಾವ ಇವತ್ತು ನಕ್ಕ ಹಾಗೆ ನಮ್ಮನೇಲಿ ನಗಬೇಕು."

ಭೈರೇಶ್ ತಲೆಯೆತ್ತಿ ಅವಳನ್ನು ನೋಡಿದ. ಅವನ ಕಣ್ಣು ತುಂಬಿ ಬಂದಿತ್ತು. ಅದನ್ನು ಮುಚ್ಚಿಕೊಳ್ಳುವ ಪ್ರಯತ್ನವನ್ನೂ ಅವನು ಮಾಡಲಿಲ್ಲ.

"ನಿಂಗೆ ಕಷ್ಟ ಆಗುತ್ತೆ ಕಣೇ. ಮೂಗು ಮುಚ್ಕೊಂಡೇ ಕೂರಬೇಕಾಗುತ್ತೆ."

"ಮುಚ್ಕೋತೀನಿ," ಎಂದಳು ರಕ್ಷಾ, ಎರಡು ಮೆಟ್ಟಿಲು ಕೆಳಗಿಳಿದು ಅವನ ಹತ್ತಿರ ಕೂರುತ್ತಾ. "ಆದ್ರೆ ಪಕ್ಕದಲ್ಲೇ ಕೂತ್ಕೋತೀನಿ."