ಬಿಟ್ಟ ಬಾಸಿಂಗ

“ಅದನ್ನ ಮುಟ್ಟಬ್ಯಾಡ್ರಿ ಯವ್ವಾ. ಅದು ಬಿಟ್ಟ ಬಾಸಿಂಗ.”

ತನುಜಾ ತಿರುಗಿ ನೋಡಿದಳು. ರಸ್ತೆಯಾಚೆಯ ಮನೆಯ ಕಟ್ಟೆಯಿಂದ ಇಳಿದು ಒಬ್ಬ ಮುದುಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಬನವಾಸಿಯ ಹತ್ತಿರದ ಊರಲ್ಲಿ ಮದುಮಗಳೊಬ್ಬಳನ್ನು ಸಿಂಗರಿಸಿ ಯಲ್ಲಾಪುರಕ್ಕೆ ಮರಳುವಾಗ ಮೊಯಿನ್‌ನ ವ್ಯಾನು ಬಿಸಿಯಾಗಿ, ಇಬ್ಬರೂ ಹಳ್ಳದ ತಿರುವಿನಲ್ಲಿ ಇಳಿದಿದ್ದರು. ಅಲ್ಲೊಂದು ಮತ್ತಿಮರ. ಅದರ ಕೆಳಗಿನ ಟೊಂಗೆಗೆ ಬೆಂಡಿನ ಬಾಸಿಂಗವೊಂದನ್ನು ಕಟ್ಟಿದ್ದರು. ಎಲೆ ಅಲುಗದ ಬಿಸಿಲಿನಲ್ಲೂ ಅದು ಮೆಲ್ಲಗೆ ತಿರುಗುತ್ತಿತ್ತು.

ತನುಜಾ ದಾವಣಗೆರೆಯವಳು. ಮೊಯಿನ್‌ನ ತಾಯಿ ರಹಿಮತ್ಬಿಯ ಮನೆಯ ಕೆಳಗಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆ ಮುಗಿದ ಮೇಲೆ ಬಾಸಿಂಗವನ್ನು ಹೊಳೆಗೆ ಬಿಡುತ್ತಾರೆ, ಇಲ್ಲವೆ ಮನೆಯ ಜಂತಿಗೆ ಕಟ್ಟುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಮರಕ್ಕೆ ಕಟ್ಟಿದ್ದನ್ನು ಕಂಡದ್ದು ಇದೇ ಮೊದಲು. ಹೂವಿನ ಎಸಳಿಗಿಂತ ತೆಳ್ಳಗೆ ಕೊರೆದ ಕೆಲಸ.

“ನನ್ನ ಅಂಗಡಿ ಗಾಜಿನೊಳಗೆ ಚೆನ್ನಾಗಿರುತ್ತೆ ಅಜ್ಜಿ.”

“ನನ್ನ ಮೊಮ್ಮಗಳ ತಲಿಗೆ ಕಟ್ಟಿದ್ದದು,” ಎಂದಳು ಮುದುಕಿ. ಅವಳ ಹೆಸರು ಮುರಿಗೆವ್ವ. “ಅಕ್ಕಿಕಾಳು ಬೀಳೂ ಮೊದಲ ಅಕಿ ಮಾರಿ ಸೊಟ್ಟ ಆತು. ಅರ್ಧ ಮಾರಿ ಸತ್ತಂಗ. ಯಾರೋ ಹೊಟ್ಟಿಕಿಚ್ಚಿಗೆ ಮಾಟ ಮಾಡಿಸಿದ್ರು. ಅದನ್ನ ಇದರಾಗ ಇಳಿಸಿ ಇಲ್ಲೆ ಕಟ್ಟೇವಿ. ತಲಿಗೆ ಕಟಗೊಂಡವರಿಗೆ ಅದು ಹೋಗತೈತಿ.”

“ಅಕ್ಕಾ, ಬಿಡಿ ಹಾಂ,” ಎಂದ ಮೊಯಿನ್. ಅವನ ದನಿ ಇಳಿದಿತ್ತು. “ಇಂಜಿನ್ ತಣ್ಣಗಾಯ್ತು. ಹತ್ತಿ.”

“ಮುಖದ ಕಾಯಿಲೆಗೆಲ್ಲ ನನ್ನ ಹತ್ರ ಕ್ರೀಮ್ ಇದೆಯಪ್ಪ,” ಎಂದು ತನುಜಾ ನಕ್ಕಳು. ನಗುತ್ತಲೇ ದಾರ ಬಿಚ್ಚಿದಳು. ಹಣೆಗೆ ಹಿಡಿದು ಹಿಂದೆ ಗಂಟು ಹಾಕಿಕೊಂಡಳು. ವ್ಯಾನಿನ ಕನ್ನಡಿಯಲ್ಲಿ ನೋಡಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡಳು.

ಮುರಿಗೆವ್ವ ರಸ್ತೆಯ ಅಂಚಿನಲ್ಲೇ ಕುಸಿದು ಕೂತು ಎರಡೂ ಕೈ ಮುಗಿದಳು. ಬೇಡವೆಂದು ಮುಗಿದಳೋ, ಬೇರೆ ಯಾತಕ್ಕೋ, ಆಗ ತಿಳಿಯಲಿಲ್ಲ.

ಆ ವಾರವೇ ತನುಜಾಳ ಎಡಗಿವಿ ನೋಯತೊಡಗಿತು. ಚಿಕ್ಕಂದಿನಿಂದ ಸೋರುತ್ತಿದ್ದ ಕಿವಿ. ಹುಬ್ಬಳ್ಳಿಯಲ್ಲಿ ಕಿವಿಯ ಹಿಂದಿನ ಮೂಳೆ ಕೊರೆದು ಕೀವು ತೆಗೆದರು. ಆಪರೇಶನ್ ಸಲೀಸಾಯಿತು. ರಹಿಮತ್ಬಿ ಮಹಡಿಯ ತನ್ನ ಕೋಣೆಯನ್ನೇ ಅವಳಿಗೆ ಬಿಟ್ಟುಕೊಟ್ಟು ತಾನು ಅಡುಗೆಮನೆಯಲ್ಲಿ ಮಲಗಿದಳು. ಗಂಜಿಯನ್ನು ಊದಿ ಊದಿ ಆರಿಸಿ ತರುತ್ತಿದ್ದಳು. ಮೆಟ್ಟಿಲಲ್ಲಿ ಚಪ್ಪಲಿ ಸದ್ದಾದರೆ ಕಿವಿಗೆ ನೋವಾದೀತೆಂದು ಬರಿಗಾಲಲ್ಲಿ ಹತ್ತುತ್ತಿದ್ದಳು.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡ ತುಟಿಯಂಚಿನಿಂದ ತಾನೇ ಇಳಿದು ಕುತ್ತಿಗೆಗೆ ಹರಿಯಿತು. ತನುಜಾ ಕನ್ನಡಿ ನೋಡಿದಳು.

ಬಲಗಡೆಗೆ ಗಾಬರಿಯಾಗಿತ್ತು. ಎಡಗಡೆಗೆ ಏನೂ ಆಗಿರಲಿಲ್ಲ. ಹುಬ್ಬು ಏರಲಿಲ್ಲ. ಗಲ್ಲ ಜೋತುಬಿದ್ದಿತ್ತು. ಕಣ್ಣು ಮುಚ್ಚಿದರೆ ಬಲಗಣ್ಣು ಮುಚ್ಚಿತು. ಎಡಗಣ್ಣು ತೆರೆದೇ ಇದ್ದು ಅವಳನ್ನು ನೋಡುತ್ತಿತ್ತು.

ಮೊಯಿನ್‌ನನ್ನು ಕರೆಯಹೋದಳು. ಹೆಸರಿನ ಮೊದಲ ಅಕ್ಷರವೇ ತುಟಿಯಲ್ಲಿ ಕೂಡಲಿಲ್ಲ. ಬರಿಯ ಗಾಳಿ ಹೊರಟಿತು.

“ನರ ಬಾತಿದೆ. ಕೆಲವರಿಗೆ ಆಪರೇಶನ್ ಆದ ಮೇಲೆ ಹೀಗಾಗುತ್ತೆ. ಬಹಳ ಮಂದಿಗೆ ಸರಿಹೋಗುತ್ತೆ,” ಎಂದರು ಡಾಕ್ಟರು, ಅವಳ ಭುಜದ ಮೇಲೆ ಕೈಯಿಟ್ಟು. ಮಾತ್ರೆ ಕೊಟ್ಟರು. ಕಣ್ಣು ಒಣಗಿದರೆ ಹುಣ್ಣಾಗಿ ದೃಷ್ಟಿಯೇ ಹೋದೀತು, ಹನಿ ಬಿಡುತ್ತಿರಿ, ಮಲಗುವಾಗ ಪಟ್ಟಿ ಅಂಟಿಸಿ ಎಂದರು. ತನುಜಾ ಹೇಳಿದಂತೆ ಮಾಡಿದಳು. ಡಾಕ್ಟರನ್ನು ನಂಬಿದಳು. ಬಾಸಿಂಗ ಕೆಳಗೆ ಅಂಗಡಿಯ ಗಾಜಿನೊಳಗೆ ತೂಗುತ್ತಿತ್ತು. ಅದರ ಕಡೆ ನೋಡುವುದನ್ನು ಮಾತ್ರ ಬಿಟ್ಟಳು.

ಆ ಮಧ್ಯಾಹ್ನ ಮಾತ್ರೆಯ ಮಂಪರಿನಲ್ಲಿ ನಿದ್ದೆ ಬಂತು. ಸೆಕೆಗೆ ಬೆವರಿ ಪಟ್ಟಿ ಕಳಚಿತು. ಬಲಗಣ್ಣು ಮಲಗಿತು. ಎಡಗಣ್ಣು ಎಚ್ಚರವಿತ್ತು.

ಆ ಕಣ್ಣಿಗೆ ಕಂಡಿತು. ಕೋಣೆಯ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಹಳದಿ ಸೀರೆಯುಟ್ಟ ಯಾರೋ ಕೂತಿದ್ದರು. ಹಳಸಿದ ಅರಿಸಿನದ ವಾಸನೆ. ಕೊಳೆತ ಮಲ್ಲಿಗೆಯ ವಾಸನೆ. ಒಣಬೆಂಡು ಉಜ್ಜಿದಂತೆ ಕಿರ್ ಕಿರ್ ಸದ್ದು. ತನುಜಾ ಏಳಬೇಕೆಂದಳು. ಮೈ ನಿದ್ದೆಯಲ್ಲಿತ್ತು. ಮೂಲೆಯಲ್ಲಿದ್ದುದು ಮೆಲ್ಲಗೆ ತಿರುಗಿತು. ಬಲಭಾಗದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಬೆಂಡಿನಂತೆ ಬಿಳಿ ನುಣುಪು. ಎಡಭಾಗದಲ್ಲಿ ಅವಳದೇ ಮುಖ. ಅವಳದೇ ಹುಬ್ಬು. ಕಿವಿಯ ಹಿಂದೆ ಹೊಲಿಗೆಯ ಗುರುತು ಕೂಡ. ಆ ಅರ್ಧ ತುಟಿ ನಗುವುದನ್ನು ಕಲಿಯುತ್ತಿತ್ತು.

ತಣ್ಣಗಿನ ಬಟ್ಟೆ ಕಣ್ಣಿನ ಮೇಲೆ ಬಿತ್ತು. ರಹಿಮತ್ಬಿ. “ಪಟ್ಟಿ ಬಿದ್ದಿತ್ತು ಬೇಟಿ. ಎಂತ ಆಯ್ತು? ಹಿಂಗ್ಯಾಕೆ ನಡುಗ್ತೀಯ?”

ಅಂದಿನಿಂದ ರಹಿಮತ್ಬಿ ಮಧ್ಯಾಹ್ನಗಳನ್ನು ಆ ಮಂಚದ ಪಕ್ಕದಲ್ಲೇ ಕಳೆದಳು, ಅವಳ ಕಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡು. ಆದರೂ ಬೆರಳ ಸಂದಿಯಲ್ಲಿ ಅದು ಕಾಣುತ್ತಿತ್ತು. ದಿನದಿನಕ್ಕೆ ಹತ್ತಿರ. ದಿನದಿನಕ್ಕೆ ನಗು ಚೆಂದ. ಕಣ್ಣಿನ ಬಿಳಿಗುಡ್ಡೆ ಕೆಂಪಗಾಗಿ ಮಸುಕು ಕಟ್ಟತೊಡಗಿದಾಗ ತನುಜಾ ಸೋತಳು. ಮೊಯಿನ್ ಮರದ ಕತೆಯನ್ನು ತಾಯಿಗೆ ಹೇಳಿದ. ರಹಿಮತ್ಬಿ ಬುರ್ಖಾ ಹಾಕಿಕೊಂಡು ಮೊದಲು ವ್ಯಾನು ಹತ್ತಿದಳು.

ಬಾಸಿಂಗವನ್ನು ಮರಳಿ ಕಟ್ಟಲು ಹೋದರೆ ಮತ್ತಿಮರದ ಕೆಳಗೆ ಮುರಿಗೆವ್ವ ಅಡ್ಡ ನಿಂತಳು.

“ಕಟ್ಟಬ್ಯಾಡ್ರಿ ತಾಯಿ. ಮರಕ್ಕ ಕಟ್ಟಿದ್ರ ಅದು ಹಳೆ ಹಾದಿ ಹಿಡಿತೈತಿ. ನೀವು ತಲಿಗೆ ಕಟಗೊಂಡ ಸಂಜಿಗೇನ ನನ್ನ ಮೊಮ್ಮಗಳ ಮಾರಿ ನೆಟ್ಟಗಾತು. ಈಗ ಮತ್ತೊಂದು ಸಂಬಂಧ ಕೂಡೇತಿ.”

“ನನ್ನ ಮುಖ...” ಎಂದಳು ತನುಜಾ. ಅದು ಮಾತಾಗಿ ಹೊರಬರಲಿಲ್ಲ.

“ಸುಟ್ಟುಬಿಡಾಣ,” ಎಂದ ಮೊಯಿನ್.

“ಸುಟ್ರ ಅದಕ್ಕ ಇರಾಕ ಜಾಗಾ ಇಲ್ಲ. ಯಾರನ್ನ ಹಿಡಿತೈತೋ ಯಾರ ಬಲ್ಲರು. ಅದಕ್ಕ ಪೂರಾ ಮಾರಿ ಬೇಕ ರೀ. ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದಾದ್ರೂ ನಡಿತೈತಿ. ಅಲ್ಲಿತನ ಹಸದ ಇರತೈತಿ.” ಮುದುಕಿ ತನುಜಾಳ ಕಾಲಿಗೆ ಬಿದ್ದಳು. “ಮೊದಲ ದಿನ ನಾ ಬ್ಯಾಡಂದೆ. ಅಂದೆನೋ ಇಲ್ಲೋ? ಈಗ ಬ್ಯಾಡಂತ ಮತ್ತ ಬೇಡಾಕತ್ತೀನಿ.”

ತನುಜಾ ಕಾಲು ಬಿಡಿಸಿಕೊಂಡು ಟೊಂಗೆಗೆ ಕೈ ಎತ್ತಿದಳು. ದಾರ ಟೊಂಗೆಗೆ ತಾಗಿತು. ಎಡಗಲ್ಲ ಜುಮ್ಮೆಂದಿತು. ಇಷ್ಟು ದಿನ ಸತ್ತಿದ್ದ ಗಲ್ಲ. ಒಂದು ಗಂಟು, ಅಷ್ಟೇ.

ಆಗ ಮನೆಯಿಂದ ಹುಡುಗಿಯೊಬ್ಬಳು ನೀರಿನ ತಂಬಿಗೆ ಹಿಡಿದು ಓಡಿಬಂದಳು. ಮೊಮ್ಮಗಳು ಶಿಲ್ಪಾ. ಬಿಸಿಲಲ್ಲಿ ಬಂದವರಿಗೆ ನೀರು ತಂದಿದ್ದಳು, ಅಷ್ಟೇ. ತನುಜಾಳ ಮುಖ ಕಂಡದ್ದೇ ಅವಳಿಗೆ ಎಲ್ಲ ತಿಳಿಯಿತು. ಆದರೆ ಹಿಂದೆ ಸರಿಯಲಿಲ್ಲ.

“ಹಂಗ ಕುಡಿದ್ರ ಸೋರತೈತ್ರಿ ಅಕ್ಕಾ,” ಎಂದಳು. ತನ್ನ ಎರಡು ಬೆರಳಿನಿಂದ ತನುಜಾಳ ಎಡ ತುಟಿಯಂಚನ್ನು ಮೆತ್ತಗೆ ಒತ್ತಿಹಿಡಿದಳು. “ಈಗ ಕುಡೀರಿ. ನಾನೂ ಹಿಂಗ ಕುಡೀತಿದ್ದೆ. ನನಗ ಯಾರೂ ಹಿಡೀತಿರಲಿಲ್ಲ. ಮಂದಿ ಅಂಜತಿದ್ರು.”

ತನುಜಾ ಕುಡಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಬಾಸಿಂಗವನ್ನು ಟೊಂಗೆಗೆ ಕಟ್ಟದೆ ಚೀಲಕ್ಕೆ ಹಾಕಿಕೊಂಡು ವ್ಯಾನಿನತ್ತ ನಡೆದಳು. ಹಿಂದಿನಿಂದ ಶಿಲ್ಪಾ ಕೂಗಿದಳು. “ನನ್ನ ಮದುವಿಗೆ ನೀವ ಬಂದು ತಯಾರ ಮಾಡ್ರಿ ಅಕ್ಕಾ.”

ಮದುವೆಯ ದಿನ ತನುಜಾ ಹೋದಳು. ಬಾಸಿಂಗವನ್ನು ಮನೆಯಲ್ಲಿ ರಹಿಮತ್ಬಿಯ ಬಳಿ ಬಿಡಲು ಮನಸ್ಸಾಗದೆ ಚೀಲದಲ್ಲೇ ಒಯ್ದಳು. ಒಳಕೋಣೆಯಲ್ಲಿ ದೊಡ್ಡ ಕನ್ನಡಿ. ಹೊರಗೆ ಡೊಳ್ಳು, ಒಗ್ಗರಣೆಯ ಘಾಟು, ಹೆಂಗಸರ ನಗು. ಶಿಲ್ಪಾಳ ಹಣೆಗೆ ಹೊಸ ಬಾಸಿಂಗ ಕಟ್ಟಿ ಅವಳು ಕನ್ನಡಿ ನೋಡಿದಳು.

ಮದುಮಗಳ ಹಿಂದೆ ಅದು ನಿಂತಿತ್ತು.

ಬಲಗಣ್ಣು ಮುಚ್ಚಿ ನೋಡಿದಳು. ಇತ್ತು. ಹಳಸಿದ ಅರಿಸಿನ. ಕಿರ್ ಕಿರ್. ಅರ್ಧ ಅವಳ ಮುಖ, ಅರ್ಧ ಖಾಲಿ ಬೆಂಡು. ಅದರ ಬೆರಳು ಶಿಲ್ಪಾಳ ಬಲಗಲ್ಲದ ಮೇಲೆ ಹರಿಯುತ್ತಿತ್ತು. ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡುವ ಹಾಗೆ.

“ಅಕ್ಕಾ,” ಎಂದಳು ಶಿಲ್ಪಾ. “ಈ ಕಡೆ ಗಲ್ಲ ಜುಮು ಜುಮು ಅನ್ನಾಕತ್ತೈತಿ. ಹಂಗ ಆಗಿತ್ತು. ಅವತ್ತೂ ಹಂಗ ಆಗಿತ್ತು.”

ಹುಡುಗಿಯ ತುಟಿಯ ಅಂಚು ಇಳಿಯಿತು. ಕೂದಲೆಳೆಯಷ್ಟು. ಮತ್ತಷ್ಟು.

ತನುಜಾ ಚೀಲಕ್ಕೆ ಕೈ ಹಾಕಿದಳು. ಪೌಡರ್ ಡಬ್ಬಿ ಉರುಳಿತು. ಬ್ರಶ್ಶುಗಳು ಚೆಲ್ಲಿದವು. ಬಾಸಿಂಗ ಸಿಕ್ಕಿತು. ದಾರ ಜಾರಿತು. ಮತ್ತೆ ಹಿಡಿದಳು. ಹಣೆಗೆ ಒತ್ತಿದಳು. ಗಂಟು ಬಿಗಿದಳು.

ಬೆರಳು ನಿಂತಿತು. ಅದು ತಲೆಯೆತ್ತಿತು. ಶಿಲ್ಪಾಳನ್ನು ಬಿಟ್ಟು ಅವಳತ್ತ ಬಂತು. ಉಸಿರಿಲ್ಲದ ಬಾಯಿ. ಬಲಗಲ್ಲದ ಮೇಲೆ ತಣ್ಣಗೆ ಕೈ. ಹುಬ್ಬು ಹೋಯಿತು. ಗಲ್ಲ ಹೋಯಿತು. ತುಟಿ ಹೋಯಿತು. ಬಲಗಣ್ಣು ಮುಚ್ಚಲು ನೋಡಿತು, ಆಗಲಿಲ್ಲ.

ಮುಚ್ಚಲಾಗದ ಎರಡು ಕಣ್ಣಿನಿಂದ ಅವಳು ಕನ್ನಡಿ ನೋಡಿದಳು. ಕನ್ನಡಿಯಲ್ಲಿ ತನುಜಾ ಇದ್ದಳು. ತುಂಬು ಮುಖ, ಬಾಸಿಂಗ, ಎರಡೂ ಗಲ್ಲ ಅರಳಿದ ನಗು. ಹೊಟ್ಟೆ ತುಂಬಿದವರ ನಗು. ಕನ್ನಡಿಯ ಈಚೆ ಅವಳು ನಗುತ್ತಿರಲಿಲ್ಲ.

ಆ ಮುಖ ಹೊರಳಿತು. ಕನ್ನಡಿಯೊಳಗಿನ ಬಾಗಿಲು ದಾಟಿ, ಕನ್ನಡಿಯೊಳಗಿನ ಜನರ ನಡುವೆ ಸೇರಿ, ಕಾಣದಾಯಿತು.

“ಹುಡುಗಿನ್ನ ಕರಕೊಂಡ ಬರ್ರಿ,” ಎಂದು ಹೊರಗಿನಿಂದ ಕೂಗಿದರು.

ಶಿಲ್ಪಾ ತನ್ನ ಗಲ್ಲ ಮುಟ್ಟಿಕೊಂಡಳು. ಬೆಚ್ಚಗಿತ್ತು. ತಿರುಗಿ ತನುಜಾಳನ್ನು ನೋಡಿದಳು. ತೆರೆದ ಬಾಯಿಂದ ಜೊಲ್ಲು ಇಳಿದು ಗದ್ದಕ್ಕೆ ಬಂದಿತ್ತು. ಹುಡುಗಿ ಹತ್ತಿರ ಬಂದು, ಹೊಸ ರೇಷ್ಮೆ ಸೀರೆಯ ಜರಿಯ ಸೆರಗನ್ನೆತ್ತಿ ಅದನ್ನು ಮೆಲ್ಲಗೆ ಒರೆಸತೊಡಗಿದಳು.

ಸೀರೆ ಕೆಟ್ಟೀತು, ಬಿಡು ಎಂದು ತನುಜಾ ಹೇಳಬೇಕೆಂದಿದ್ದಳು. ಹೇಳಲು ತುಟಿಗಳು ಕೂಡಲಿಲ್ಲ.