ಕೊಳ್ಳದ ಕರಿಗಡಿಗೆ

"ಕೊಳ್ಳದಾಗ ಒಂದ್ ಗಡಿಗಿ ಅದ. ಬಾಯಿಗಿ ಕರೀ ಅರಿವಿ ಕಟ್ಯಾರ. ಅದಕ್ಕ ಮುಟ್ಟಬ್ಯಾಡ. ಅದರ ಮುಂದ ಮಾತಾಡಬ್ಯಾಡ," ಎಂದರು ವಿಶ್ವನಾಥಪ್ಪ.

ಜೀಪಿನಿಂದಿಳಿದು ಬೂಟಿನ ಲೇಸು ಬಿಗಿಯುತ್ತಿದ್ದ ಶಿವಕಾಂತ ತಲೆ ಎತ್ತಲಿಲ್ಲ. ಸೋದರಮಾವ ಬೀದರಿನಿಂದ ಅಜಂತಾ ಬಳಿಯ ಸಿಲ್ಲೋಡಿಗೆ ಬಂದು ಹತ್ತಿ ವ್ಯಾಪಾರದಲ್ಲೇ ಮುದುಕರಾಗಿದ್ದರು. ಎಲ್ಲಿಂದಲೋ ಕಲ್ಲು ಬೀಳಿಸುವ ಊರಿನ ಭಾನಾಮತಿಯ ಭಯವನ್ನು ಮಾತ್ರ ಗಂಟುಕಟ್ಟಿ ಜೊತೆಗೇ ತಂದಿದ್ದರು. ಓಝರಿನ ವಿಮಾನ ಕಾರ್ಖಾನೆಯ ಎಂಜಿನಿಯರನಾದ ತನಗೆ ಇದನ್ನೆಲ್ಲ ಕೇಳುವ ಕರ್ಮ.

"ಗಡಿಗ್ಯಾಗ ಏನ್ ಅದರಿ ಮಾವಾ, ಉಪ್ಪಿನಕಾಯಾ?"

"ಯಾರದೋ ಪೀಡಾ ಕಟ್ಟಿ ಇಟ್ಟಾರ. ಸಂಜಿಕ ಆಚಿ ಕಡಿ ಸೇತುವಿ ಬಲ್ಲಿ ಕಾಯ್ತೀನಿ. ಹುಷಾರ್."

ರಜೆ ಸಿಕ್ಕಾಗಲೆಲ್ಲ ಶಿವಕಾಂತ ಹೀಗೆ ಒಬ್ಬನೇ ಗುಡ್ಡ ಕಣಿವೆ ಅಲೆಯುತ್ತಿದ್ದ. ಗುಂಪು ಕಟ್ಟಿಕೊಂಡು ಬಂದು ಕಿರುಚುವವರನ್ನು ಕಂಡರೆ ಅವನಿಗಾಗದು. ದೇವರಿಗೆ ಕೈಮುಗಿದು ಹೊರಡುವವರನ್ನು ಕಂಡರೆ ಇನ್ನಷ್ಟು ಅಸಹ್ಯ. ಅಜಂತಾ ಗುಡ್ಡಗಳ ಆ ಕೊಳ್ಳದಲ್ಲಿ ದಾರಿಯೆಂಬುದಿರಲಿಲ್ಲ. ಎರಡೂ ಕಡೆ ಕರಿಬಂಡೆಯ ಗೋಡೆ. ನಡುವೆ ಒಣಗಿದ ಹಳ್ಳ, ಕಾದ ಕಲ್ಲು, ಕೊಳೆತ ಎಲೆಯ ವಾಸನೆ. ಬಂಡೆಯೊಂದರ ಬುಡದಲ್ಲಿ ಗಡಿಗೆ ಕೂತಿತ್ತು.

"ಏ, ಹೊರಗ ಬಾ. ಮಾರಿ ತೋರ್ಸು," ಎಂದು ಬೂಟುಗಾಲಿನಿಂದ ಒದ್ದ.

ಗಡಿಗೆ ಒಡೆಯಿತು. ಒಳಗಿದ್ದದ್ದು ಹೆಣ್ಣಿನ ಉದ್ದ ಕೂದಲು, ಒಣಗಿದ ನಿಂಬೆಹಣ್ಣು. ಇಷ್ಟಕ್ಕೆ ಇಡೀ ತಾಲ್ಲೂಕು ನಡುಗುತ್ತದೆ ಎಂದುಕೊಂಡು ಉಗಿದು ಮುಂದೆ ನಡೆದ.

ಸ್ವಲ್ಪ ಹೊತ್ತಿಗೆ ಹಕ್ಕಿಗಳ ಸದ್ದು ನಿಂತಿತು. ಸುಟ್ಟ ಕೂದಲಿನ ಕಮಟು ಬೆನ್ನ ಹಿಂದೆಯೇ ಬರುತ್ತಿತ್ತು. ಗಂಟಲಲ್ಲಿ ಏನೋ ಕೆರೆತ. ಕೆಮ್ಮಿದ. ನೀರು ಕುಡಿದ. ಬಾಯಿಗೆ ಬೆರಳು ಹಾಕಿದಾಗ ಒಂದೆಳೆ ಕೂದಲು ಸಿಕ್ಕಿತು. ಎಳೆದ. ಬಂತು. ಇನ್ನೂ ಬಂತು. ಮೊಳಗಟ್ಟಲೆ ಬಂದು ಬೂಟಿನ ಮೇಲೆ ಸುರುಳಿ ಬಿತ್ತು, ತುದಿ ಮಾತ್ರ ಬರಲಿಲ್ಲ.

ಆಗ ಆ ಸುರುಳಿ ತಾನಾಗಿಯೇ ಬಿಚ್ಚಿಕೊಂಡು ಹಿಂದಕ್ಕೆ, ಗಡಿಗೆಯಿದ್ದ ದಿಕ್ಕಿಗೆ ಹರಿಯಿತು. ಬಿಗಿಯಾಯಿತು. ಆಚೆಯಿಂದ ಯಾರೋ ಜಗ್ಗಿದರು.

ಮೊಣಕಾಲೂರಿ ಬಿದ್ದ. ಮತ್ತೆ ಜಗ್ಗಿದರು. ನಾಲಿಗೆಯ ಬುಡ ಕಿತ್ತುಬರುವಂತಾಯಿತು. ಕಲ್ಲಿನ ಮೇಲೆ ಎದೆ ಉಜ್ಜಿತು. ಕೈ ಹೆಗಲ ಚೀಲವನ್ನು ತಡಕಾಡಿತು. ಹಣ್ಣು ಕೊಯ್ಯುವ ಚಾಕು. ಕೊಯ್ದ. ಕಡಿಯಲಿಲ್ಲ. ಮತ್ತೆ ಕೊಯ್ದ. ಪಟ್ಟೆಂದಿತು. ಗಂಟಲಿನಿಂದ ಬೆಚ್ಚಗಿನದೇನೋ ಜಾರಿ ಹೋಯಿತು.

ಅವನು ಓಡಿದ. ಬಿದ್ದ. ಎದ್ದು ಬಂಡೆ ಹಿಡಿದು ಹತ್ತಿದ. ಉಗುರು ಕಿತ್ತುಹೋದವು. ಮೇಲೆ ಬಂದಾಗ ಸೂರ್ಯ ಇಳಿಯುತ್ತಿದ್ದ. ಕೊಳ್ಳದ ಆಚೆ ದಡದಲ್ಲಿ ಸೇತುವೆ, ಜೀಪು, ಬಿಳಿ ಟೋಪಿಯ ಮಾವ. ಬದುಕಿದೆ ಅಂದುಕೊಂಡ. ಕೂಗಲು ಬಾಯಿ ತೆರೆದ. ಬರೀ ಗಾಳಿ ಬಂತು.

ಅಷ್ಟರಲ್ಲಿ ಕೆಳಗಿನ ಕತ್ತಲಿನಿಂದ ಯಾರೋ ಕೂಗಿದರು. "ಮಾವಾ, ಕಾಲ್ ಮುರದದ. ಇಳದ್ ಬರ್ರಿ."

ಅದು ಶಿವಕಾಂತನದೇ ದನಿ.

ಮಾವ ಪಂಚೆ ಎತ್ತಿ ಕಟ್ಟಿ ಇಳಿಯತೊಡಗಿದರು. ಶಿವಕಾಂತ ಕೈಬೀಸಿದ. ಅವನ ಬೆನ್ನ ಹಿಂದಿನ ಕೆಂಪು ಬಿಸಿಲಿಗೆ ಅವರ ಕಣ್ಣು ಇತ್ತ ಏಳಲಿಲ್ಲ. ಕಲ್ಲೆತ್ತಿ ಎಸೆದ. ಅದು ಅವರ ಮುಂದೆಯೇ ಬಿದ್ದು ಸಿಡಿಯಿತು. ಮತ್ತೊಂದು ಎಸೆದ. ವಿಶ್ವನಾಥಪ್ಪ ಬೆಚ್ಚಿ ನಿಂತರು.

"ಕಲ್ಲ ಬೀಳ್ಲಾಕತ್ಯಾವ. ಶುರು ಆಯ್ತು ಅದರದು," ಎಂದರು. ಕೆಳಗಿನ ಕತ್ತಲಿಗೆ ಕೂಗಿದರು. "ಅಂಜಬ್ಯಾಡಪ್ಪಾ ಶಿವಕಾಂತ. ನಿನಗ ಬಿಟ್ಟು ಹೋಗಲ್ಲ. ಬಂದೆ."

ಈಗ ಅವರು ಇನ್ನೂ ಬೇಗ ಬೇಗ ಇಳಿಯುತ್ತಿದ್ದರು.